ಶನಿವಾರದ ಮ್ಯಾಂಚೆಸ್ಟರ್ ನಡಿಗೆ: ಹಳೇ ಪಬ್ ಮುಂದೆ ಸೇರೋಣ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 11ಕ್ಕೆ ಶ್ಯಾಂಬಲ್ಸ್ ಸ್ಕ್ವೇರ್‌ನಲ್ಲಿ, ಓಲ್ಡ್ ವೆಲ್ಲಿಂಗ್ಟನ್ ಪಬ್ ಮುಂದೆ ಸೇರೋಣ. ವಿಕ್ಟೋರಿಯಾ ಸ್ಟೇಷನ್ನಿಂದ ನಡೆದೇ ಬರಬಹುದು. ಕುಡಿಯದವರೂ ಮಕ್ಕಳೂ ಖಂಡಿತ ಬನ್ನಿ, ನಾವು ಹೋಗ್ತಿರೋದು ಕಟ್ಟಡ ನೋಡೋಕೆ.

ಕಪ್ಪು ಮರದ ಚೌಕಟ್ಟು, ನಡುವೆ ಬಿಳಿ ಗೋಡೆ. 1552ರ ಕಟ್ಟಡ ಇದು. ಆದರೆ ಈಗ ನಿಂತಿರೋ ಜಾಗ ಅದರ ಹುಟ್ಟಿದ ಜಾಗವಲ್ಲ. 1970ರ ದಶಕದಲ್ಲಿ ಸುತ್ತಲೂ ಕಾಂಕ್ರೀಟ್ ಕಟ್ಟಡಗಳು ಬಂದಾಗ ಇದನ್ನೂ ಪಕ್ಕದ ಸಿಂಕ್ಲೇರ್ಸ್ ಪಬ್ಬನ್ನೂ ಇದ್ದ ಹಾಗೇ ಸುಮಾರು 1.4 ಮೀಟರ್ ಮೇಲಕ್ಕೆತ್ತಿದರು! 1996ರ ಜೂನ್ 15ರಂದು ಇಲ್ಲೇ ಊರಿನ ನಡುಭಾಗದಲ್ಲಿ ಐಆರ್‌ಎ (ಬ್ರಿಟನ್ ವಿರುದ್ಧ ಹೋರಾಡುತ್ತಿದ್ದ ಐರಿಷ್ ಸಶಸ್ತ್ರ ಗುಂಪು) ಇಟ್ಟ ಬಾಂಬ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಪೊಲೀಸರು ಮೊದಲೇ ಜನರನ್ನು ಖಾಲಿ ಮಾಡಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಆಮೇಲೆ ಊರಿನ ನಡುಭಾಗವನ್ನೇ ಹೊಸದಾಗಿ ಕಟ್ಟುವಾಗ ಎರಡೂ ಪಬ್‌ಗಳನ್ನು ಬಿಚ್ಚಿ, ಕೆಥೆಡ್ರಲ್ ಹತ್ತಿರಕ್ಕೆ ತಂದು ಮತ್ತೆ ಜೋಡಿಸಿದರು. ಮೊದಲು ಸಾಲಾಗಿದ್ದವು, ಈಗ ಮೂಲೆ ಕೂಡಿಸಿ ನಿಂತಿವೆ, ಎದುರಿಗೆ ಅಂಗಳ.

ಜಾಗ ಬದಲಾದ ಮೇಲೆ ಅದು ಹಳೇದು ಹೇಗಾಗುತ್ತೆ ಅಂತ ಹೋದ ಸಲ ಒಬ್ಬರು ಕೇಳಿದ್ದರು. ನನಗಂತೂ ಕೆಡವದೆ ಹೊತ್ತು ತಂದದ್ದೇ ದೊಡ್ಡದು ಅನ್ನಿಸುತ್ತೆ. ಹಿಂದೆ ಗಾಜಿನ ಕಟ್ಟಡಗಳು ಕಾಣುವ ಹಾಗೆ ಅಂಗಳದ ಆ ತುದಿಯಿಂದ ನೋಡಿ.

ಮಳೆ ಬಂದರೂ ನಡಿಗೆ ಇದೆ. ಕೊಡೆ ತನ್ನಿ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.