ಎಲ್ಲ ಉರಿಯೂ ಬಿಸಿಲಿನದ್ದಲ್ಲ

ಮಾನ್ಯರೆ,

ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಉರಿಮೂತ್ರಕ್ಕೆ ಮಜ್ಜಿಗೆ, ಸಬ್ಜಾ ಬೀಜ, ಬಾರ್ಲಿ ನೀರು ಅಂತ ಬರೆದಿದ್ದಿರಿ. ಒಳ್ಳೆಯದೇ. ನಮ್ಮ ಕಲಬುರಗಿ ಬಿಸಿಲಲ್ಲಿ ನೀರು ಕಡಿಮೆ ಕುಡಿದರೆ ಯಾರಿಗಾದರೂ ಉರಿ ಬರುತ್ತದೆ. ಆದರೆ ಉರಿಯ ಜೊತೆ ಕೀವೂ ಬರುತ್ತಿದ್ದರೆ ಅದು ಬಿಸಿಲಿನ ಕಾಟ ಅಲ್ಲ ಅನ್ನುವ ಒಂದು ಸಾಲು ಅಲ್ಲಿ ಇರಬೇಕಿತ್ತು.

ನಾನು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವವನು. ಬೇರೆ ಗಿರಾಕಿಗಳು ಹೋಗುವವರೆಗೆ ಸುಮ್ನೆ ಪಕ್ಕಕ್ಕೆ ನಿಂತು, ಆಮೇಲೆ ಮೆಲ್ಲಗೆ "ಅಣ್ಣಾ, ಗರ್ಮಿ ಆಗ್ಯಾದ, ಎರಡು ಗುಳಗಿ ಕೊಡ್ರಿ" ಅನ್ನುವವರು ಆಗಾಗ ಬರುತ್ತಾರೆ. ಯಾರಿಗೆ ಅಂದರೆ ಗೆಳೆಯನಿಗಂತೆ. ಆ ಗೆಳೆಯ ಇವತ್ತಿನವರೆಗೆ ಅಂಗಡಿಗೆ ಬಂದಿಲ್ಲ!

ಅವರು ಗರ್ಮಿ, ಅಂದರೆ ಉಷ್ಣ, ಅನ್ನುವುದು ಉರಿಯ ಜೊತೆ ಕೀವೂ ಇದ್ದರೆ ಗೊನೊರಿಯಾ ಇರಬಹುದು. ಕಾಫಿ ಬೀಜದ ಹಾಗೆ ಎರಡೆರಡು ಅಂಟಿಕೊಂಡಿರುವ ಬ್ಯಾಕ್ಟೀರಿಯಾದಿಂದ ಬರುವ ರೋಗ. 1879ರಲ್ಲಿ ಆಲ್ಬರ್ಟ್ ನೈಸರ್ ಅನ್ನುವ ಜರ್ಮನ್ ಡಾಕ್ಟರ್ ಇದನ್ನು ಕಂಡುಹಿಡಿದರು. ಕಾಂಡೋಮ್ ಇಲ್ಲದ ಸಂಪರ್ಕದಿಂದ ಹರಡುತ್ತದೆ. ಮೈಯಿಂದ ಹೊರಬಂದು ಒಣಗಿದರೆ ಈ ಕ್ರಿಮಿ ಬೇಗ ಸಾಯುತ್ತದೆ. ತಮಾಷೆ ನೋಡಿ, ಬಿಸಿಲನ್ನು ತಾಳಲಾರದ ಕ್ರಿಮಿಯ ತಪ್ಪನ್ನು ನಾವು ಬಿಸಿಲಿನ ತಲೆಗೇ ಕಟ್ಟುತ್ತೇವೆ.

ಗಂಡಸರಿಗಾದರೆ ಹೆಚ್ಚಾಗಿ ವಾರದೊಳಗೇ ಉರಿ, ಕೀವು ಕಾಣಿಸುತ್ತದೆ, ಹೆದರಿ ಅಂಗಡಿಗೆ ಓಡಿ ಬರುತ್ತಾರೆ. ಹೆಂಗಸರಲ್ಲಿ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾದರೂ ಬಿಳಿ ಹೋಗುವುದು ಇದ್ದದ್ದೇ ಅಂತ ಬಿಟ್ಟುಬಿಡುತ್ತಾರೆ, ಅಷ್ಟರಲ್ಲಿ ಸೋಂಕು ಗರ್ಭಕೋಶ ದಾಟಿ ಗರ್ಭನಾಳಕ್ಕೆ ಹೋಗಿ ಅದನ್ನು ಕೆಡಿಸಿರಬಹುದು. ಆಮೇಲೆ ಮಕ್ಕಳಾಗಲಿಲ್ಲ ಅಂತ ಮಾತು ಕೇಳುವವಳು ಅವಳೇ. ಗರ್ಭಿಣಿಗೆ ಇದ್ದರೆ ಹೆರಿಗೆಯಲ್ಲಿ ಮಗುವಿನ ಕಣ್ಣಿಗೆ ತಗುಲಿ ದೃಷ್ಟಿಯೇ ಹೋಗಬಹುದು. ಗಂಡ ಮಾತ್ರ ಗುಳಿಗೆ ನುಂಗಿ ಆರಾಮಾದರೆ ಏನು ಬಂತು? ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಅನ್ನುವ ರೋಗವೂ ಇದಲ್ಲ. ಇಬ್ಬರೂ ಔಷಧಿ ತಗೊಳ್ಳದಿದ್ದರೆ ತಿರುಗಿ ಅವನಿಗೇ ಬರುತ್ತದೆ.

ಗುಳಿಗೆ ಮಾರುವ ನಮ್ಮದೂ ತಪ್ಪಿದೆ. ಡಾಕ್ಟರ್ ಚೀಟಿ ಇಲ್ಲದೆ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಗುಳಿಗೆ ಎರಡು ಕತ್ತರಿಸಿ ಕೊಡುವುದನ್ನು ಹೊಸದರಲ್ಲಿ ನಾನೂ ಮಾಡಿದ್ದೇನೆ. ಈ ಕ್ರಿಮಿ ಮೊದಲು ಸಲ್ಫಾ ಔಷಧಿಯನ್ನು, ಆಮೇಲೆ ಪೆನ್ಸಿಲಿನ್‌ನ್ನು, ಆಮೇಲೆ ಇದೇ ಸಿಪ್ರೊವನ್ನು ಜೀರ್ಣಿಸಿಕೊಂಡು ಕೂತಿದೆ. ಈಗ ಕೈಯಲ್ಲಿ ಉಳಿದಿರುವ ಔಷಧಿಗಳು ಕೆಲವೇ, ಅವನ್ನೂ ಅರ್ಧಂಬರ್ಧ ನುಂಗಿ ಹಾಳು ಮಾಡುವುದು ಬೇಡ ಅಲ್ವಾ?

ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ರೋಗಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ. ತಪಾಸಣೆ, ಔಷಧಿ ಎರಡೂ ಪುಕ್ಕಟೆ. ಹೋಗಲು ನಾಚಿಕೆಯಾದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಬಹುದು, ಅದಕ್ಕೂ ದುಡ್ಡಿಲ್ಲ. ಇಷ್ಟನ್ನು ಮುಂದಿನ ಆರೋಗ್ಯ ಪುಟದಲ್ಲಿ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿ. ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ, ಆ ಗೆಳೆಯನಿಗೆ ಕಾಣುವ ಹಾಗೆ.

– ಮೆಡಿಕಲ್ ಅಂಗಡಿಯವನು, ಕಲಬುರಗಿ