ಬೋಟಿಗೆ ಬರೀ ಮೇಲಿನ ಬಣ್ಣ ಸಾಲದು

ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರಿನಲ್ಲಿ ಬೋಟುಗಳು ದಡ ಹತ್ತಿ ಬಣ್ಣ ಕಾಣುವುದು ಆಗಲೇ. ಆದರೆ ಯಾವ ಬಣ್ಣ ಅಗ್ಗ ಅಂತ ಕೇಳುವವರೇ ಜಾಸ್ತಿ, ಅದರ ಕೆಳಗೆ ಏನಿರಬೇಕು ಅಂತ ಕೇಳುವವರು ಕಡಿಮೆ. ಸ್ಟೀಲ್ ಬೋಟಿನ ತಳಕ್ಕೆ, ಚಿಪ್ಪು ಕೂರದಂತೆ ತಡೆಯುವ ತಾಮ್ರದ ಬಣ್ಣವನ್ನು ನೇರವಾಗಿ ಬಳಿದರೆ ಉಪ್ಪುನೀರಿನಲ್ಲಿ ಸ್ಟೀಲೇ ಸವೆಯುತ್ತದೆ. ನಡುವೆ ಎಪಾಕ್ಸಿ, ಅಂದರೆ ನೀರು ತಡೆಯುವ ಗಟ್ಟಿ ರಾಳದ ಪದರ ಬೇಕೇ ಬೇಕು, ತಳದ ಬೆನ್ನೆಲುಬಿನಂತಿರುವ ಕೀಲ್‌ಗೂ ಸೇರಿ. ಫೈಬರ್ ಬೋಟಿಗೆ ತುಕ್ಕಿಲ್ಲ ನಿಜ, ಆದರೆ ನೀರು ಒಳಗಿಳಿದು ಗುಳ್ಳೆ ಏಳುತ್ತದೆ, ಒಡೆದರೆ ಹುಳಿ ವಾಸನೆ. ತಳಕ್ಕೆ ಕೂರಿಸುವ ಸತುವಿನ ತುಂಡುಗಳ ಮೇಲೆ ಮಾತ್ರ ಯಾವ ಬಣ್ಣವೂ ಬೇಡ, ಅವು ಇರುವುದೇ ಬೋಟಿನ ಲೋಹದ ಬದಲು ತಾವು ಸವೆಯಲಿಕ್ಕೆ. ಕಷ್ಟ ಏನೆಂದರೆ, ಒದ್ದೆ ಮೈಗೆ ಸಾಮಾನ್ಯ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ನಮಗೆ ಬಿಡುವು ಸಿಗುವುದೇ ಜಡಿಮಳೆಯಲ್ಲಿ! ಬಂದರುಗಳಲ್ಲಿ ಮಾಡು ಇರುವ ದುರಸ್ತಿ ಜಾಗ ಹೆಚ್ಚಿಸಿ ಸ್ವಾಮಿ.

– ಒಬ್ಬ ಬೋಟು ಮಾಲೀಕ, ಉಡುಪಿ