ಪ್ರಯಾಣದ ಚೀಲಕ್ಕೊಂದು ಸಾಣೆಕಲ್ಲು

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನೀನು ಬೈಕಿನಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿರುವ ವಿಷಯ ನಿನ್ನಪ್ಪ ಹೇಳಿದ. ಅವನಿಗೆ ರಸ್ತೆಯ ಚಿಂತೆ, ನಿನ್ನ ದೊಡ್ಡಮ್ಮನಿಗೆ ಚಳಿಯ ಚಿಂತೆ. ನೀನು ನನಗೆ ಕಳಿಸಿದ್ದು ಮಾತ್ರ ಮೂರು ಸಾಣೆಕಲ್ಲುಗಳ ಫೋಟೋ. ‘ಯಾವುದು ತಗೊಳ್ಳಲಿ ದೊಡ್ಡಪ್ಪ?’ ಅಂತ ಒಂದೇ ಸಾಲು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ. ಟೂಲ್ ರೂಮಿನಲ್ಲಿ ಕೂದಲು ಬೆಳ್ಳಗಾದವನಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಚಿಕ್ಕದಾಗಿ ಬರುವುದಿಲ್ಲ ಅಂತ ನಿನಗೂ ಗೊತ್ತು, ಅಲ್ವಾ?

ಕಲ್ಲು ನೋಡುವ ಮೊದಲು ಚಾಕು ನೋಡಬೇಕು. ನಿನ್ನದು ಓಪಿನೆಲ್ ಅನ್ನುವ ಫ್ರಾನ್ಸಿನ ಮಡಚುವ ಚಾಕು, 8ನೇ ನಂಬರು, ಸ್ಟೇನ್‌ಲೆಸ್. ಎಂಟೂವರೆ ಸೆಂಟಿಮೀಟರ್ ಅಲಗು. ಅದರ ಉಕ್ಕು ತೀರಾ ಗಡಸಲ್ಲ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ದಾರಿಯಲ್ಲಿ ಇಂಥ ಚಾಕುವೇ ವಾಸಿ. ವೆನೇಡಿಯಂ ಎಂಬ ಲೋಹ ಜಾಸ್ತಿ ಇರುವ, ಲೋಹದ ಪುಡಿಯಿಂದ ಮಾಡಿದ ದುಬಾರಿ ಉಕ್ಕಿನ ಚಾಕು ತಿಂಗಳುಗಟ್ಟಲೆ ಹರಿತ ಉಳಿಸಿಕೊಳ್ಳುತ್ತದೆ ನಿಜ. ಒಮ್ಮೆ ಮೊಂಡಾದರೆ ಮಾಮೂಲಿ ಕಲ್ಲಿಗೆ ಸುಲಭಕ್ಕೆ ಬಗ್ಗುವುದಿಲ್ಲ, ವಜ್ರದ ಕಲ್ಲೇ ಬೇಕು. ಯಾಕೆಂದರೆ ಆ ಉಕ್ಕಿನ ಒಳಗಿರುವ, ಲೋಹ ಮತ್ತು ಇಂಗಾಲ ಸೇರಿ ಆದ ಕಾರ್ಬೈಡ್ ಕಣಗಳು ಕಲ್ಲಿನ ಕಣಗಳಿಗಿಂತ ಗಟ್ಟಿ.

ಈಗ ನಿನ್ನ ಫೋಟೋಗಳಿಗೆ ಬರೋಣ.

ಮೊದಲನೆಯದು ಕಲ್ಲೇ ಅಲ್ಲ. ವಿ ಆಕಾರದ ಸಂದಿಯಲ್ಲಿ ಚಾಕು ತೂರಿಸಿ ಎಳೆಯುವ ಆಟದ ಸಾಮಾನು. ಅದರೊಳಗಿನ ಕಾರ್ಬೈಡ್ ಪಟ್ಟಿಗಳು ಅಂಚನ್ನು ಮಸೆಯುವುದಿಲ್ಲ, ಕೆರೆದು ಹಾಕುತ್ತವೆ. ಎರಡು ದಿನ ಚೂಪು ಅನಿಸುತ್ತದೆ, ಆಮೇಲೆ ಅಂಚು ಗರಗಸದ ಹಾಗೆ ಹರಕುಮುರುಕು. ತೆಳ್ಳಗಿನ ಓಪಿನೆಲ್ ಅಲಗಿಗೆ ಅದನ್ನು ಮುಟ್ಟಿಸಲೂ ಬೇಡ.

ಎರಡನೆಯದು ಒಂದು ಕಡೆ ಗರಸು, ಇನ್ನೊಂದು ಕಡೆ ನಯ ಇರುವ ಕಾರ್ಬೊರಂಡಂ ಕಲ್ಲು. ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅಮೆರಿಕದ ಅಚೆಸನ್ ಎಂಬಾತ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಏನೋ ಮಾಡಲು ಹೋಗಿ ಕಂಡುಕೊಂಡ ಸಿಲಿಕಾನ್ ಕಾರ್ಬೈಡ್ ಅದು. ನಮ್ಮ ಅಡುಗೆಮನೆಯಲ್ಲಿ ಇರುವುದೂ ಅದೇ. ಒಳ್ಳೆಯ ಕಲ್ಲು, ಅಗ್ಗ, ಕೊಟ್ಟ ಕಾಸಿಗೆ ಮೋಸವಿಲ್ಲ. ಆದರೆ ಬೈಕಿನ ಚೀಲಕ್ಕೆ ಭಾರ. ಕೆಳಗೆ ಬಿದ್ದರೆ ಎರಡು ತುಂಡು. ಮೇಲಾಗಿ ಅದಕ್ಕೆ ನೀರೋ ಎಣ್ಣೆಯೋ ಬೇಕು. ಎಣ್ಣೆ ಅಂದರೆ ಚೀಲದೊಳಗೆ ಸೋರುವ ಇನ್ನೊಂದು ಬಾಟಲಿ. ನೀರು ಅಂದರೆ ಇನ್ನೊಂದು ತೊಂದರೆ. ಸ್ಪಿತಿಯ ರಾತ್ರಿಯಲ್ಲಿ ನೀರು ಹೆಪ್ಪುಗಟ್ಟಬಹುದು. ನೀರು ಕುಡಿದ ಕಲ್ಲಿನೊಳಗೇ ಅದು ಹೆಪ್ಪುಗಟ್ಟಿದರೆ ಕಲ್ಲು ಬಿರುಕು ಬಿಡುತ್ತದೆ. ಜಪಾನಿನ ನೀರುಗಲ್ಲು ಚೆಂದ ಅಂತ ಯಾರಾದರೂ ಹೇಳಿದರೂ ಇದೇ ಕಾರಣಕ್ಕೆ ಬೇಡ ಅನ್ನು.

ಮೂರನೆಯದೇ ನಿನಗೆ ಸರಿ. ಒಂದು ಇಂಚು ಅಗಲ, ಮೂರು ಇಂಚು ಉದ್ದ, ಒಂದು ಮುಖ ವಜ್ರ, ಇನ್ನೊಂದು ಮುಖ ಸೆರಾಮಿಕ್. ಸ್ವೀಡನ್ನಿನ ಫಾಲ್ಕ್‌ನಿವೆನ್ ಕಂಪನಿಯ ಡಿಸಿ3 ಈ ಬಗೆಯಲ್ಲಿ ಹೆಸರುವಾಸಿ. ನಾಲ್ಕು ಇಂಚಿನದು ಡಿಸಿ4. ಎರಡಕ್ಕೂ ನೀರು ಬೇಡ, ಎಣ್ಣೆ ಬೇಡ, ಒಣಗಿದ್ದಂತೆಯೇ ಮಸೆಯಬಹುದು. ಕಾಸು ಕೈಗೆಟಕಿದರೆ ನಾಲ್ಕು ಇಂಚಿನದನ್ನೇ ತಗೋ. ಜೇಬಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಕೈಯಲ್ಲಿ ಗೊತ್ತಾಗುತ್ತದೆ. ಬೆರಳಿಗೆ ಹಿಡಿಯಲು ಜಾಗ ಸಿಗುತ್ತದೆ.

ಬೇರೆ ಕಂಪನಿಯದು ಕೊಳ್ಳುವುದಾದರೆ ಗ್ರಿಟ್ ನಂಬರನ್ನು, ಅಂದರೆ ಕಲ್ಲು ಎಷ್ಟು ನಯ ಅಂತ ಹೇಳುವ ಅಂಕಿಯನ್ನು, ನಂಬಿ ಕೂರಬೇಡ. ಒಂದೊಂದು ದೇಶದ ಪದ್ಧತಿಯಲ್ಲಿ ಒಂದೊಂದು ಲೆಕ್ಕ. ಕಣದ ಅಳತೆ ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ, ಎಷ್ಟು ಅಂತ ಕೇಳು. ಡಿಎಂಟಿ ಅನ್ನುವ ಅಮೆರಿಕನ್ ಕಂಪನಿ ಬಣ್ಣದಿಂದ ಗುರುತು ಮಾಡುತ್ತದೆ. ನೀಲಿ 45 ಮೈಕ್ರಾನ್, ಕೆಂಪು 25, ಹಸಿರು 9. ಪ್ರಯಾಣಕ್ಕೆ ಒಂದೇ ಒಂದು ವಜ್ರದ ಕಲ್ಲು ಅಂದರೆ 25ರ ಸುಮಾರಿನದು. ಅದಕ್ಕಿಂತ ಗರಸಾದದ್ದು ಚಾಕು ತಿನ್ನುತ್ತದೆ, ತೀರಾ ನಯವಾದದ್ದು ಮೊಂಡು ಅಂಚಿಗೆ ಏನೂ ಮಾಡುವುದಿಲ್ಲ. ಮೂರು ನಾಲ್ಕು ಕಲ್ಲಿನ ಸೆಟ್ಟು ಮಾರುತ್ತಾರೆ, ಅದು ಮನೆಯಲ್ಲಿ ಕೂತು ಮಸೆಯುವವರಿಗೆ.

ಕೊಂಡ ಕೂಡಲೇ ಒಂದು ಸ್ಟೀಲ್ ಸ್ಕೇಲಿನ ಅಂಚನ್ನು ಕಲ್ಲಿನ ಮೇಲೆ ಉದ್ದುದ್ದ ಇಟ್ಟು ಬೆಳಕಿಗೆ ಹಿಡಿ. ಮಧ್ಯೆ ಬೆಳಕು ಕಂಡರೆ ಕಲ್ಲು ಬಾಗಿದೆ ಅಂತ ಅರ್ಥ, ವಾಪಸ್ ಕೊಡು. ಹೊಸ ವಜ್ರದ ಮುಖ ಶುರುವಿನಲ್ಲಿ ತುಂಬಾ ಗರಗರ ಅನ್ನುತ್ತದೆ, ಕೆಲವು ಸಲ ಬಳಸಿದ ಮೇಲೆ ಮೆತ್ತಗಾಗುತ್ತದೆ. ಸವೆದೇ ಹೋಯಿತು ಅಂತ ಗಾಬರಿ ಬೀಳಬೇಡ. ಆದರೆ ಒತ್ತಿ ಮಾತ್ರ ಉಜ್ಜಬೇಡ. ಆ ಕಣಗಳು ನಿಂತಿರುವುದು ತೆಳ್ಳನೆಯ ನಿಕ್ಕಲ್ ಪದರದಲ್ಲಿ. ಒತ್ತಿದರೆ ಕಿತ್ತು ಬರುತ್ತವೆ.

ಇನ್ನು ಮಸೆಯುವ ವಿಧಾನ. ಕಲ್ಲು ಇಷ್ಟು ಸಣ್ಣದಿರುವಾಗ ಮೇಜಿನ ಮೇಲಿಟ್ಟು ಚಾಕು ಎಳೆಯುವುದು ಕಷ್ಟ. ಚಾಕುವನ್ನು ಗಟ್ಟಿಯಾಗಿ ಹಿಡಿದು ಕಲ್ಲನ್ನೇ ಆಡಿಸು. ಮೊದಲು ಓಪಿನೆಲ್ಲಿನ ಉಂಗುರ ತಿರುಗಿಸಿ ಲಾಕ್ ಮಾಡಿಕೋ. ಇದನ್ನು ಮರೆತರೆ ಅಲಗು ಮಡಿಸಿಕೊಂಡು ಬೆರಳಿನ ಮೇಲೆ ಬರುತ್ತದೆ. ಹಿಡಿಯನ್ನು ತೊಡೆಯ ಮೇಲಲ್ಲ, ಬೈಕಿನ ಸೀಟಿಗೋ ಬಂಡೆಗೋ ಆನಿಸು. ಕಲ್ಲನ್ನು ಪಕ್ಕಗಳಲ್ಲಿ ಹಿಡಿ. ಬೆರಳ ತುದಿ ಕಲ್ಲಿನ ಮುಖಕ್ಕಿಂತ ಹಿಂದೆಯೇ ಇರಲಿ, ಮುಂದಕ್ಕೆ ಇಣುಕಬಾರದು. ಸಣ್ಣ ಕಲ್ಲಿನಲ್ಲಿ ಹೆಬ್ಬೆರಳು ಕೊಯ್ದುಕೊಳ್ಳುವುದು ಹೀಗೇ.

ಕೋನ 20 ಡಿಗ್ರಿ ಅನ್ನುತ್ತಾರೆ, ಆದರೆ ಗುಡ್ಡದ ಮೇಲೆ ಯಾರು ಅಳೆಯುತ್ತಾರೆ? ಇಷ್ಟು ನೆನಪಿಟ್ಟುಕೋ. ಅಲಗು ಎಷ್ಟು ಅಗಲವೋ ಅದರ ಮೂರನೇ ಒಂದು ಪಾಲಿನಷ್ಟು ದೂರ ಬೆನ್ನಿಗೂ ಕಲ್ಲಿಗೂ ನಡುವೆ ಇರಲಿ. ಅಲಗು ಎರಡು ಸೆಂಟಿಮೀಟರ್ ಇದ್ದರೆ ಸುಮಾರು ಏಳು ಮಿಲಿಮೀಟರ್. ಕೋನ ಸರಿ ಇದೆಯೋ ಇಲ್ಲವೋ ತಿಳಿಯಲು ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿ. ನಾಲ್ಕು ಸಲ ಉಜ್ಜಿ ನೋಡು. ಬಣ್ಣ ಅಂಚಿನ ಹರಿತ ಗೆರೆಯಲ್ಲೇ ಉಳಿದರೆ ಬೆನ್ನನ್ನು ಇನ್ನೂ ಸ್ವಲ್ಪ ಎತ್ತು. ಆ ಗೆರೆಯ ಬಣ್ಣ ಮಾತ್ರ ಹೋಗಿ ಹಿಂದಿನದು ಉಳಿದರೆ ತಗ್ಗಿಸು.

ಒಂದು ಪಕ್ಕ ಮಸೆಯುತ್ತಾ ಹೋದರೆ ಇನ್ನೊಂದು ಪಕ್ಕದಲ್ಲಿ ಉಕ್ಕಿನ ಸಣ್ಣ ಏಣು ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಹೊರಕ್ಕೆ ಮೆಲ್ಲಗೆ ಜಾರಿಸಿದರೆ ಕೊನೆಯಲ್ಲಿ ತೊಡಕಿದ ಹಾಗೆ ಆಗುತ್ತದೆ. ವರ್ಕ್‌ಶಾಪಿನಲ್ಲಿ ಇದಕ್ಕೆ ಬರ್ ಅನ್ನುತ್ತೇವೆ. ಬುಡದಿಂದ ತುದಿಯವರೆಗೂ ಅದು ಎದ್ದರೆ ಮಾತ್ರ ಆ ಪಕ್ಕದ ಕೆಲಸ ಮುಗಿದಂತೆ. ಆಮೇಲೆ ಇನ್ನೊಂದು ಪಕ್ಕ. ಕೊನೆಗೆ ಸೆರಾಮಿಕ್ ಮುಖದಲ್ಲಿ ಪಕ್ಕ ಬದಲಿಸುತ್ತಾ, ಭಾರ ಹಾಕದೆ, ಕೆಲವು ಸಲ ಸವರಿದರೆ ಆ ಏಣು ಉದುರುತ್ತದೆ. ಹೆಚ್ಚಿನವರು ಈ ಕೊನೆಯ ಕೆಲಸ ಮಾಡದೆ ಎದ್ದು ಹೋಗುತ್ತಾರೆ, ಮರುದಿನ ಚಾಕು ಮೊಂಡು ಅಂತ ಕಲ್ಲನ್ನು ಬೈಯುತ್ತಾರೆ. ಟೊಮೆಟೊ ಸಿಪ್ಪೆಯ ಮೇಲೆ ಒತ್ತದೆ ಇಟ್ಟು ಎಳೆದು ನೋಡು. ಜಾರದೆ ಇಳಿದರೆ ಸಾಕು, ಕೈಕೂದಲು ಬೋಳಿಸಿ ತೋರಿಸುವ ಚಪಲ ಬೇಡ.

ದಿನಾ ಸಂಜೆ ಸೆರಾಮಿಕ್ ಮುಖ ಮಾತ್ರ ಸಾಕು, ವಜ್ರದ ಮುಖ ಅಪರೂಪಕ್ಕೆ. ಸ್ಟೀಲ್ ತಟ್ಟೆಯ ಮೇಲೆ ಈರುಳ್ಳಿ ಹೆಚ್ಚಿದರೆ ಯಾವ ಕಲ್ಲೂ ನಿನ್ನನ್ನು ಕಾಪಾಡುವುದಿಲ್ಲ, ತೆಳ್ಳನೆಯ ಪ್ಲಾಸ್ಟಿಕ್ ಹಲಗೆ ಒಂದು ಇಟ್ಟುಕೋ. ಕಲ್ಲು ಕಪ್ಪಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪು. ಓಪಿನೆಲ್ ಹಿಡಿಯನ್ನು ಮಾತ್ರ ನೀರಿನಲ್ಲಿ ನೆನೆಹಾಕಬೇಡ, ಮರ ಉಬ್ಬಿ ಚಾಕು ಬಿಚ್ಚಲಿಕ್ಕೇ ಬರುವುದಿಲ್ಲ. ಅಕಸ್ಮಾತ್ ಕಲ್ಲು ಕಳೆದುಹೋದರೆ ಢಾಬಾದಲ್ಲಿ ಪಿಂಗಾಣಿ ಕಪ್ಪು ಕೇಳಿ ಬೋರಲು ಹಾಕು. ಬುಡದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತದಲ್ಲ, ಅದರ ಮೇಲೆ ಮಸೆದರೂ ಅಂಚು ಬರುತ್ತದೆ. ಟೀ ಕುಡಿದ ಮೇಲೆ ಮಾಡು, ಅಷ್ಟೇ.

ಚಂಡೀಗಢದವರೆಗೆ ವಿಮಾನ ಅಂದೆಯಲ್ಲ, ಚಾಕುವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಚೆಕ್-ಇನ್ ಬ್ಯಾಗಿಗೆ ಹಾಕು. ಕಲ್ಲನ್ನೂ ಅದರ ಜೊತೆಗೇ ಇಡು. ಸ್ಕ್ಯಾನರ್ ಮುಂದೆ ನಿಂತು ‘ಇದು ಸಾಣೆಕಲ್ಲು ಸಾರ್’ ಅಂತ ವಿವರಿಸುವ ಉಸಾಬರಿ ಸುಮ್ನೆ ಯಾಕೆ?

ಇನ್ನೊಂದು ಮಾತು. ಜೇಬಿನ ಕಲ್ಲು ಇರುವ ಹರಿತ ಕಾಪಾಡಲಿಕ್ಕೆ. ಸತ್ತ ಅಂಚನ್ನು ಎಬ್ಬಿಸುವುದು ಅದರಿಂದ ಆಗದ ಕೆಲಸವೇನಲ್ಲ, ಆದರೆ ಸಂಜೆಯೆಲ್ಲ ಬೇಕಾಗುತ್ತದೆ. ಹೋದ ಸಲ ನೀನು ಬಂದಾಗ ಆ ಚಾಕುವಿನ ತುದಿಯ ಹತ್ತಿರ ಒಂದು ಕಡೆ ಚಕ್ಕೆ ಎದ್ದಿದ್ದನ್ನು ನೋಡಿದ್ದೆ. ಹೊರಡುವ ಮೊದಲಿನ ಭಾನುವಾರ ಚಾಕು ತಗೊಂಡು ಊಟಕ್ಕೆ ಬಾ. ಮನೆಯ ದೊಡ್ಡ ಕಲ್ಲಿನ ಮೇಲೆ ಆ ಜಾಗ ಸರಿಮಾಡಿಕೊಡುತ್ತೇನೆ, ಹೊಸ ಕಲ್ಲಿನಲ್ಲಿ ನನ್ನ ಎದುರಿಗೇ ಒಮ್ಮೆ ಮಸೆದು ತೋರಿಸು. ಬರುವಾಗ ಕೆಂಪು ಮಾರ್ಕರ್ ಪೆನ್ ಒಂದು ತಾ, ನಮ್ಮನೆಯದು ಒಣಗಿದೆ.

ಇಂತಿ ನಿನ್ನ
ದೊಡ್ಡಪ್ಪ